ಸೈಯದ್ ಅಬ್ದುಲ್ ರಹೀಂ

ಸೈಯದ್ ಅಬ್ದುಲ್ ರಹೀಂ (೧೭ ಆಗಸ್ಟ್ ೧೯೦೯ – ೧೧ ಜೂನ್ ೧೯೬೩) ಭಾರತ ಫುಟ್‌ಬಾಲ್ ತಂಡದ ಪ್ರಖ್ಯಾತ ತರಬೇತುದಾರರು. ಹೈದರಾಬಾದಿನಲ್ಲಿ ಜನಿಸಿದ ಇವರು ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದರು.

ತರಬೇತುದಾರರಾಗಿ

೧೯೫೦ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ, ಬಳಿಕ ಭಾರತ ತಂಡದ ಹೊಣೆ ವಹಿಸಿಕೊಂಡರು. ಬೆಂಗಳೂರಿನ ಅಹ್ಮದ್ ಖಾನ್ ಅವರಿದ್ದ ತಂಡವು ೧೯೫೧ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗಳಿಸಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವು ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡವೆನಿಸಿ, ನಾಲ್ಕನೆಯ ಸ್ಥಾನ ಪಡೆಯಿತು.

ಜಕಾರ್ತದ ಅಂತಿಮ ಪಂದ್ಯ

೧೯೬೨ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿ ಭಾರತವು ದಕ್ಷಿಣ ಕೊರಿಯಾಕ್ಕೆ ೦–೨ರಿಂದ ಸೋತಿತು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಯಿತು. ರಹೀಂ ಅವರನ್ನು ಕೈಬಿಡದೆ ಮುನ್ಪಡೆಯಲ್ಲಿ ಆಡಿಸಿದರು. ಸೆಪ್ಟೆಂಬರ್ ೪ರ ಅಂತಿಮ ಪಂದ್ಯದಲ್ಲಿ ಕೊರಿಯಾವೇ ಮತ್ತೆ ಎದುರಾಯಿತು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತೀಯ ಪ್ರತಿನಿಧಿ ಆಕ್ಷೇಪಿಸಿದ್ದರಿಂದ ಕುಪಿತರಾಗಿದ್ದ ಪ್ರೇಕ್ಷಕರು ಭಾರತದ ವಿರುದ್ಧವಿದ್ದರು. ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ತಲಾ ಒಂದು ಗೋಲು ಹೊಡೆದು ೨–೧ರ ಜಯ ತಂದರು.

ನಿಧನ

ಈ ವಿಜಯದ ಒಂಬತ್ತು ತಿಂಗಳ ಬಳಿಕ ರಹೀಂ ಕ್ಯಾನ್ಸರ್‌ನಿಂದ ನಿಧನರಾದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಅನಂತರ ಭಾರತಕ್ಕೆ ದೊರೆತಿಲ್ಲ.