ಚಿತ್ರ ಬರೆದು ಲೆಕ್ಕ ಬಿಡಿಸಿದ ಉಮರ್ ಖಯ್ಯಾಮ್

ಉಮರ್ ಖಯ್ಯಾಮ್ ಎಂದೊಡನೆ ಎಲ್ಲರಿಗೂ ರುಬಾಯಿಗಳ ನೆನಪು. ಆದರೆ 1048ರಲ್ಲಿ ಇರಾನಿನ ನಿಶಾಪುರದಲ್ಲಿ ಹುಟ್ಟಿದ ಅವರು ಮೊದಲಿಗೆ ಗಣಿತಜ್ಞರು. ಸುಮಾರು 1070ರಲ್ಲಿ, ಸಮರ್ಕಂದದ ಖಾಝಿ ಅಬೂ ತಾಹಿರ್ ಅವರ ಆಶ್ರಯದಲ್ಲಿ, ಬೀಜಗಣಿತದ ಗ್ರಂಥ ಬರೆದರು.

ಘನ ಸಮೀಕರಣ ಬಿಡಿಸಲು ಆಗ ಸೂತ್ರವಿರಲಿಲ್ಲ. ಒಂದು ಸಂಖ್ಯೆಯ ಘನಕ್ಕೆ ಅದರ 4 ಪಟ್ಟು ಕೂಡಿಸಿದರೆ 16, ಸಂಖ್ಯೆ ಯಾವುದು? ಅವರ ವಿಧಾನದಂತೆ 4 ಮಾನ ವ್ಯಾಸದ ಅರ್ಧವೃತ್ತ ಎಳೆಯಿರಿ. ವ್ಯಾಸದ ಎಡತುದಿಯನ್ನು ಮೂಲಬಿಂದುವಾಗಿಟ್ಟು, ಎಕ್ಸ್‌ನ ವರ್ಗ = 2 ವೈ ಎಂಬ ಪರವಲಯ ಎಳೆಯಿರಿ. (ಎಕ್ಸ್, ವೈ ನಮ್ಮ ಭಾಷೆ, ಅವರಿಗೆ ಅಕ್ಷಗಳೇ ಇರಲಿಲ್ಲ.) ಮೂಲಬಿಂದು ಬಿಟ್ಟರೆ ಎರಡೂ ಸೇರುವುದು ಒಂದೇ ಕಡೆ, ಎಕ್ಸ್ = 2 ಆದಲ್ಲಿ. ನಾವು ಇಂದು ಎಕ್ಸ್‌ನ ಘನ + 4 ಎಕ್ಸ್ − 16ರ ನಕ್ಷೆ ಬರೆದರೂ ಅದು ಎಕ್ಸ್ ಅಕ್ಷವನ್ನು ಕತ್ತರಿಸುವುದು ಅಲ್ಲೇ. ಬಹುಪದೋಕ್ತಿಯ ಶೂನ್ಯತೆ ಅದೇ.

ಉದ್ದ ಋಣವಾಗಲಾರದಲ್ಲ, ಹಾಗಾಗಿ ಋಣ ಮೂಲಗಳನ್ನು ಅವರು ಪರಿಗಣಿಸಲಿಲ್ಲ. ಬೀಜಗಣಿತದ ಸೂತ್ರ ತಮಗೆ ದಕ್ಕಲಿಲ್ಲ, ಮುಂದೆ ಬರುವವರಿಗೆ ದಕ್ಕಬಹುದೆಂದು ಗ್ರಂಥದಲ್ಲೇ ಒಪ್ಪಿಕೊಂಡರು. ಅದು ಸಿಕ್ಕಿದ್ದು 16ನೇ ಶತಮಾನದ ಇಟಲಿಯಲ್ಲಿ.

ಮುಂದೆ ಇಸ್ಫಹಾನಿನ ವೀಕ್ಷಣಾಲಯದಲ್ಲಿದ್ದು, 1079ರ ಜಲಾಲಿ ಪಂಚಾಂಗ ರೂಪಿಸಿದವರಲ್ಲಿ ಒಬ್ಬರಾದರು. 1131ರಲ್ಲಿ ನಿಶಾಪುರದಲ್ಲೇ ತೀರಿಕೊಂಡರು.