ದೇವರ ಪಾಲು: ವಿಲಿಯಂ ಆರ್ಥರ್ ಅವರ ಜೀವನ

ದಾನವನ್ನು ಹೊಗಳದ ಧರ್ಮ ಲೋಕದಲ್ಲಿಲ್ಲ. ಆದರೆ ಎಷ್ಟು ಕೊಡಬೇಕು, ಮಿಕ್ಕಿದ್ದರಲ್ಲಿ ಕೊಡಬೇಕೋ ಮೊದಲೇ ತೆಗೆದಿಟ್ಟು ಕೊಡಬೇಕೋ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ನಮ್ಮ ಕಡೆಯ ಮನೆಗಳಲ್ಲಿ ಅರಿಸಿನದ ಬಟ್ಟೆಯಲ್ಲಿ ದುಡ್ಡು ಕಟ್ಟಿ ದೇವರ ಹೆಸರಿನಲ್ಲಿ ಮುಡಿಪಿಡುವ ವಾಡಿಕೆಯುಂಟು. ಮನೆಯಲ್ಲಿ ಎಂಥ ಅಡಚಣೆ ಬಂದರೂ ಆ ಗಂಟಿಗೆ ಕೈಹಾಕುವುದಿಲ್ಲ. ಕ್ರೈಸ್ತರಲ್ಲಿ ಇದಕ್ಕೆ ಹತ್ತಿರವಾದ ಪದ್ಧತಿಯೆಂದರೆ ದಶಮಾಂಶ. ಎಂದರೆ, ಆದಾಯದಲ್ಲಿ ಹತ್ತನೆಯ ಒಂದು ಪಾಲನ್ನು ದೇವರದೆಂದು ತೆಗೆದಿಡುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪದ್ಧತಿಯನ್ನು ಬಲವಾಗಿ ಪ್ರತಿಪಾದಿಸಿದವರಲ್ಲಿ ಒಬ್ಬರಾದ ವಿಲಿಯಂ ಆರ್ಥರ್ ಅವರು ತಾರುಣ್ಯದಲ್ಲಿ ನಮ್ಮ ಕನ್ನಡ ನಾಡಿನಲ್ಲಿದ್ದವರು. ಯಶವಂತಪುರದಿಂದ ಹೊರಟ ರೈಲು ತುಮಕೂರನ್ನು ದಾಟಿ ಮುಟ್ಟುವ ಗುಬ್ಬಿಯೇ ಅವರ ಕಾರ್ಯಕ್ಷೇತ್ರವಾಗಿತ್ತು.

ಆರ್ಥರ್ ಅವರು 1819ರಲ್ಲಿ ಐರ್ಲೆಂಡಿನ ಉತ್ತರ ಭಾಗದ ಆಂಟ್ರಿಮ್ ಪ್ರಾಂತದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ವೆಸ್ಲಿಯನ್ ಪಂಥದ ಬೋಧನೆಗೆ ಮನಸೋತು, ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ದೈವಶಾಸ್ತ್ರ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. 1839ರಲ್ಲಿ, ಇಪ್ಪತ್ತು ವರ್ಷದ ಯುವಕರಾಗಿ, ಮೈಸೂರು ಸೀಮೆಗೆ ಬಂದರು. ಆಗ ಈ ನಾಡಿನಲ್ಲಿ ರೈಲಿರಲಿಲ್ಲ. ರಾಜ್ಯಭಾರವು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕೈಯಲ್ಲಿತ್ತು. ಗುಬ್ಬಿಯು ಅಡಕೆ, ಕೊಬ್ಬರಿಗಳ ವ್ಯಾಪಾರಕ್ಕೂ ವಾರದ ಸಂತೆಗೂ ಹಿಂದಿನಿಂದಲೂ ಹೆಸರಾದ ಊರು. ಅಲ್ಲಿ ನೆಲಸಿ ಆರ್ಥರ್ ಅವರು ಕನ್ನಡವನ್ನು ಅಭ್ಯಾಸ ಮಾಡಿ, ಜನರೊಡನೆ ಅವರ ನುಡಿಯಲ್ಲಿಯೇ ಮಾತನಾಡುವ ಸಾಮರ್ಥ್ಯವನ್ನು ಗಳಿಸಿಕೊಂಡರು.

ಆದರೆ ಆ ವಾಸ ಬಹುಕಾಲ ನಡೆಯಲಿಲ್ಲ. ಆರೋಗ್ಯ ಕೆಟ್ಟು 1841ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಗುಬ್ಬಿಯ ಅನುಭವಗಳನ್ನು ಅವರು 1847ರಲ್ಲಿ ಪ್ರಕಟವಾದ, ಮೈಸೂರಿನ ಮಿಷನ್ ಕುರಿತ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಬರೆದರು. ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಕುರಿತು ಅದರಲ್ಲಿರುವ ಎಲ್ಲ ತೀರ್ಪುಗಳನ್ನು ನಾವು ಒಪ್ಪಬೇಕಾಗಿಲ್ಲ. ಮತಪ್ರಚಾರಕನಾಗಿ ಬಂದವನ ಕಣ್ಣಿಗೆ ಕಂಡದ್ದನ್ನು ಅವರು ಬರೆದರು.

ಅವರ ಮುಂದಿನ ಜೀವನವನ್ನು ತಿಳಿಯಬೇಕಾದರೆ ಒಂದು ಸಂಗತಿಯನ್ನು ನೆನೆಯಬೇಕು. ಗುಬ್ಬಿಯಲ್ಲಿ ಅವರು ಉಂಡ ಅನ್ನಕ್ಕೆ ಹಣ ಎಲ್ಲಿಂದ ಬರುತ್ತಿತ್ತು? ಸರ್ಕಾರದ ಬೊಕ್ಕಸದಿಂದಲ್ಲ. ವೆಸ್ಲಿಯನ್ ಪಂಥದಲ್ಲಿ 1742ರಷ್ಟು ಹಿಂದೆಯೇ, ಬ್ರಿಸ್ಟಲ್ ನಗರದ ಪ್ರಾರ್ಥನಾಮಂದಿರದ ಸಾಲವನ್ನು ತೀರಿಸಲು, ಪ್ರತಿಯೊಬ್ಬ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡುವ ಏರ್ಪಾಡಾಗಿತ್ತು. ಮಿಷನ್ ಸಂಘದ ಕೆಲಸವೂ ಇಂಥ ವಂತಿಗೆಗಳಿಂದಲೇ ನಡೆಯುತ್ತಿತ್ತು. ಗಣಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವ ಬಡವರು, ಅಂಗಡಿಕಾರರು, ಮನೆಗೆಲಸದ ಹೆಂಗಸರು ಕೂಡಿಟ್ಟ ಕಾಸು ಸಮುದ್ರವನ್ನು ದಾಟಿ ಬರುತ್ತಿತ್ತು. 1851ರಲ್ಲಿ ಆರ್ಥರ್ ಅವರು ಆ ಸಂಘದ ಕಾರ್ಯದರ್ಶಿಗಳಲ್ಲೊಬ್ಬರಾದರು. 1868ರ ತನಕ ಅದೇ ಹೊಣೆಯನ್ನು ಹೊತ್ತರು. ಹಿಂದೆ ಆ ಕಾಸಿನಿಂದ ಬದುಕಿದ್ದವರು ಈಗ ಅದನ್ನು ಬೇಡಿ ಕೂಡಿಸುವವರಾದರು.

1852ರಲ್ಲಿ ಅವರು ಸ್ಯಾಮುಯೆಲ್ ಬಜೆಟ್ ಎಂಬ ದಿನಸಿ ವ್ಯಾಪಾರಿಯ ಚರಿತ್ರೆಯನ್ನು ಪ್ರಕಟಿಸಿದರು. ಬಾಲ್ಯದಲ್ಲಿ ದಾರಿಯಲ್ಲಿ ಸಿಕ್ಕಿದ ಕುದುರೆ ಲಾಳವೊಂದನ್ನು ಒಂದು ಪೆನ್ನಿಗೆ ಮಾರಿ ವ್ಯಾಪಾರದ ರುಚಿ ಕಂಡ ಆತನು ಮುಂದೆ ದೊಡ್ಡ ಧನಿಕನೂ ಧರ್ಮಿಷ್ಠನೂ ಆದನು. ಅಂಗಡಿಯ ಲೆಕ್ಕವೂ ದೇವರ ಸೇವೆಯೂ ಬೇರೆ ಬೇರೆಯಲ್ಲವೆಂಬುದೇ ಆ ಪುಸ್ತಕದ ತಿರುಳು.

ಮೂರು ವರ್ಷದ ತರುವಾಯ, 1855ರಲ್ಲಿ, ಆದಾಯದ ಗೊತ್ತಾದ ಒಂದು ಪಾಲನ್ನು ದಾನಮಾಡುವುದು ಕರ್ತವ್ಯವೆಂದು ಸಾಧಿಸುವ ಅವರ ಉಪನ್ಯಾಸವು ಅಚ್ಚಾಯಿತು. ಅವರ ವಾದದ ಸಾರ ಸರಳವಾದದ್ದು. ಮನಸ್ಸು ಕರಗಿದಾಗ ಮಾತ್ರ ಕೊಡುವವನು ತಾನು ಬಹಳ ಕೊಟ್ಟೆನೆಂದು ಭಾವಿಸುತ್ತಾನೆ. ಲೆಕ್ಕ ಹಾಕಿದರೆ ಕೊಟ್ಟದ್ದು ಅತ್ಯಲ್ಪ. ಅಬ್ರಹಾಮನು ಕೊಳ್ಳೆಯಲ್ಲಿ ಹತ್ತನೆಯ ಪಾಲನ್ನು ಅರ್ಪಿಸಿದನು. ಯಾಕೋಬನು ಬರಿಗೈಯ ಪ್ರವಾಸಿಯಾಗಿದ್ದಾಗಲೇ ಹತ್ತನೆಯ ಪಾಲನ್ನು ಹರಸಿಕೊಂಡನು. ಹಳೆಯ ಕಾಲದವರು ಅಷ್ಟನ್ನು ಕೊಟ್ಟಿರುವಲ್ಲಿ ಕ್ರೈಸ್ತನು ಅದಕ್ಕಿಂತ ಕಡಮೆ ಕೊಡುವುದು ಸಲ್ಲದು. ದಶಮಾಂಶವು ದಾನದ ಹೊಸ್ತಿಲೇ ಹೊರತು ಮಾಳಿಗೆಯಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ನೂರು ರೂಪಾಯಿ ಉಳ್ಳವನಿಗೆ ಹತ್ತು ರೂಪಾಯಿ ಎಂದರೆ ಮಕ್ಕಳ ಊಟ. ಲಕ್ಷಾಧೀಶ್ವರನಿಗೆ ಹತ್ತು ಸಾವಿರವೆಂದರೆ ಒಂದು ಅಂಕಿ. ಒಂದೇ ಪಾಲು ಇಬ್ಬರಿಗೂ ಒಂದೇ ಭಾರವಾದೀತೆ? ವಿಧವೆಯ ಎರಡು ಕಾಸನ್ನು ಯೇಸುಕ್ರಿಸ್ತನು ಮೆಚ್ಚಿದ ಕಥೆಯೂ ಇದನ್ನೇ ಸೂಚಿಸುತ್ತದೆ. ಈ ಪ್ರಶ್ನೆಗೆ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರ ನಡತೆಯಲ್ಲಿಯೇ ಉತ್ತರವಿತ್ತು. ಆಕ್ಸ್‌ಫರ್ಡಿನಲ್ಲಿದ್ದಾಗ ಅವರಿಗೆ ವರ್ಷಕ್ಕೆ 30 ಪೌಂಡು ಬರುತ್ತಿತ್ತು. 28ರಲ್ಲಿ ಜೀವನ ನಡೆಸಿ 2 ಪೌಂಡು ದಾನಮಾಡಿದರು. ಮರುವರ್ಷ 60 ಬಂದಿತು. ಖರ್ಚು ಆಗಲೂ 28, ದಾನ 32. ಆಮೇಲೆ 90 ಬಂದಾಗ 62, 120 ಬಂದಾಗ 92 ಪೌಂಡು ಬಡವರ ಪಾಲಾಯಿತು. ಆದಾಯ ಏರಿದಂತೆ ದಾನ ಏರಿತು, ಭೋಗ ಏರಲಿಲ್ಲ. ಬಡವನಿಗೆ ಹತ್ತನೆಯ ಪಾಲೇ ಹೆಚ್ಚು. ಸಿರಿವಂತನು ಅಷ್ಟಕ್ಕೇ ನಿಂತರೆ ಅದು ಕಡಮೆಯೇ ಸರಿ.

ಆರ್ಥರ್ ಅವರ ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1856ರಲ್ಲಿ ಹೊರಬಂದ ಅವರ ಅಗ್ನಿಜಿಹ್ವೆ ಎಂಬರ್ಥದ ಹೆಸರಿನ ಭಕ್ತಿಗ್ರಂಥವು ದೇಶದೇಶಗಳಲ್ಲಿ ಪ್ರಸಿದ್ಧಿ ಪಡೆಯಿತು. 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು. 1868ರಿಂದ 1871ರ ತನಕ ಬೆಲ್ಫಾಸ್ಟ್ ನಗರದ ಮೆಥೊಡಿಸ್ಟ್ ಕಾಲೇಜಿನ ಮುಖ್ಯಸ್ಥರಾಗಿದ್ದರು. 1901ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ನಿಧನ ಹೊಂದಿದರು.

ಅವರು ಬಿಟ್ಟುಹೋದ ಗುಬ್ಬಿಯ ಕಡೆಗೆ ಮತ್ತೊಮ್ಮೆ ನೋಡೋಣ. ಅವರು ಅಲ್ಲಿಗೆ ಬರುವುದಕ್ಕೆ ಒಂದು ವರ್ಷ ಮೊದಲು, 1838ರಲ್ಲಿ, ಆ ಊರಿನ ಹೆಸರನ್ನು ಹೊತ್ತ ತೋಟದಪ್ಪನವರು ಜನಿಸಿದ್ದರು. ಅವರು ಬೆಂಗಳೂರಿನಲ್ಲಿ ವ್ಯಾಪಾರದಿಂದ ಸಂಪಾದಿಸಿದ್ದನ್ನು ಧರ್ಮಕ್ಕೆ ಮೀಸಲಿಟ್ಟರು. 1903ರಲ್ಲಿ ರೈಲ್ವೆ ನಿಲ್ದಾಣದ ಬಳಿ ಅವರ ಛತ್ರ ಸ್ಥಾಪಿತವಾಗಿ ಪ್ರಯಾಣಿಕರಿಗೆ ನೆರಳಾಯಿತು. ವಿದ್ಯಾರ್ಥಿಗಳಿಗೂ ಅವರ ಧರ್ಮದಿಂದ ವಸತಿ ದೊರೆಯಿತು. ತೋಟದಪ್ಪನವರಿಗೆ ದಶಮಾಂಶದ ಉಪದೇಶ ಬೇಕಾಗಿರಲಿಲ್ಲ. ಶರಣರು ಕಲಿಸಿದ ದಾಸೋಹವೇ ಅವರಿಗೆ ಸಾಕಾಗಿತ್ತು. ಮತ ಬೇರೆ, ಮಾರ್ಗ ಬೇರೆ. ಗಳಿಸಿದ್ದೆಲ್ಲವೂ ತನ್ನದಲ್ಲವೆಂಬ ತಿಳಿವಳಿಕೆ ಮಾತ್ರ ಒಂದೇ.

ಸಂಪಾದನೆಯೇ ಇಲ್ಲದ ವಿದ್ಯಾರ್ಥಿಗಳಿಗೆ ಈ ವಿಚಾರವೇಕೆಂದು ಕೆಲವರು ಕೇಳಬಹುದು. ಸರ್ಕಾರಿ ಕಾಲೇಜಿನ ಬೆಂಚು, ಗ್ರಂಥಾಲಯದ ಪುಸ್ತಕ, ಹಾಸ್ಟೆಲಿನ ಊಟ, ವಿದ್ಯಾರ್ಥಿವೇತನ ಇವೆಲ್ಲ ಯಾರೋ ದುಡಿದು ತೆಗೆದಿಟ್ಟ ಪಾಲು. ಗುಬ್ಬಿಯ ಆ ತರುಣನಂತೆ ನಾವೂ ಕಾಣದವರ ಕಾಸಿನಿಂದ ಓದುತ್ತಿರುವವರು. ಮೊದಲ ಸಂಬಳ ಕೈಗೆ ಬಂದ ದಿನ ಮುಡಿಪಿನ ಗಂಟಿನಲ್ಲಿ ಎಷ್ಟನ್ನು ಕಟ್ಟಿಡಬೇಕೆಂಬುದನ್ನು ಈಗಲೇ ನಿಶ್ಚಯಿಸಿಕೊಳ್ಳುವುದು ಮೇಲು. ಅಂದಿನ ಖರ್ಚುಗಳು ಆ ಯೋಚನೆಗೆ ಬಿಡುವು ಕೊಡಲಾರವು.