ಕಾಲು ಚಮಚ ಯೀಸ್ಟ್ ಮತ್ತು ಲೂಯಿ ಪಾಶ್ಚರ್

ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೈಸ್ಡ್ ಅಂತ ಬರೆದಿರೋದನ್ನ ನಾವೆಲ್ಲ ನೋಡಿದ್ದೀವಿ. ಲೂಯಿ ಪಾಶ್ಚರ್ ಅಂದ ತಕ್ಷಣ ನೆನಪಾಗೋದು ಅದು, ಇಲ್ಲಾಂದ್ರೆ ಹುಚ್ಚುನಾಯಿ ಕಡಿತದ ಲಸಿಕೆ. ಆದರೆ ಅವರ ಬದುಕನ್ನ ಬೇರೆ ದಾರಿಗೆ ತಿರುಗಿಸಿದ್ದು ಬ್ರೆಡ್ ಉಬ್ಬಿಸೋ ಯೀಸ್ಟ್.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವವರು. ಹುಡುಗನಿಗೆ ಚಿತ್ರ ಬರೆಯೋದಂದ್ರೆ ಇಷ್ಟ. 1842ರ ವಿಜ್ಞಾನ ಪರೀಕ್ಷೆಯಲ್ಲಿ ಕೆಮಿಸ್ಟ್ರಿಗೆ ಸಿಕ್ಕಿದ ಷರಾ ಬರೀ ಸಾಧಾರಣ. ಅದೇ ವರ್ಷ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾದರೂ, ರ‍್ಯಾಂಕ್ ಸಾಲದು ಅಂತ ಸೇರಲಿಲ್ಲ. ಇನ್ನೊಂದು ವರ್ಷ ಓದಿ, ಮೇಲಿನ ರ‍್ಯಾಂಕ್ ತಗೊಂಡು 1843ರಲ್ಲಿ ಸೇರಿದರು. ಸಿಇಟಿ ರಿಪೀಟ್ ಮಾಡಿದ ಗೆಳೆಯರು ಇದನ್ನ ನೆನಪಿಟ್ಟುಕೊಳ್ಳಬಹುದು.

1854ರಲ್ಲಿ ಅವರು ಲೀಲ್ ನಗರಕ್ಕೆ ಪ್ರೊಫೆಸರ್ ಆಗಿ ಹೋದರು. ಅದು ಕಾರ್ಖಾನೆಗಳ ಊರು. 1856ರಲ್ಲಿ ಅವರ ವಿದ್ಯಾರ್ಥಿಯೊಬ್ಬನ ತಂದೆ ಬೀಗೋ ಎಂಬುವರು ಒಂದು ತೊಂದರೆ ಹೇಳಿಕೊಂಡು ಬಂದರು. ಬೀಟ್‌ರೂಟ್ ರಸದಿಂದ ಆಲ್ಕೋಹಾಲ್ ತಯಾರಿಸೋ ಅವರ ಕಾರ್ಖಾನೆಯಲ್ಲಿ ಕೆಲವು ತೊಟ್ಟಿಗಳು ಹುಳಿಯಾಗಿ ಹಾಳಾಗ್ತಿದ್ದವು. ಪಾಶ್ಚರ್ ಎರಡೂ ಥರದ ತೊಟ್ಟಿಯ ರಸ ತಂದು ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ಚೆನ್ನಾಗಿದ್ದ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳು. ಕೆಟ್ಟ ರಸದಲ್ಲಿ ಇನ್ನೂ ಚಿಕ್ಕ, ಕಡ್ಡಿಯಂಥ ಜೀವಿಗಳು. ಹಾಲನ್ನ ಹುಳಿ ಮಾಡೋದೂ ಇಂಥ ಸಣ್ಣ ಜೀವಿಗಳೇ ಅಂತ 1857ರಲ್ಲಿ ಅವರು ಪ್ರಕಟಿಸಿದರು. ನಮ್ಮನೇಲಿ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಮೊಸರಾಗೋದೂ, ಇಡ್ಲಿ ಹಿಟ್ಟು ಹುಳಿ ಬಂದು ಉಕ್ಕೋದೂ ಇದೇ ಕುಟುಂಬದ ಕೆಲಸ.

ಆಗಿನ ದೊಡ್ಡ ಕೆಮಿಸ್ಟ್ ಜರ್ಮನಿಯ ಲೀಬಿಗ್. ಹುದುಗೋದು ಬರೀ ರಾಸಾಯನಿಕ ಕ್ರಿಯೆ, ಕೊಳೆಯುತ್ತಿರೋ ವಸ್ತು ಪಕ್ಕದ ಸಕ್ಕರೆಯನ್ನೂ ಒಡೆಯುತ್ತೆ ಅನ್ನೋದು ಅವರ ವಾದ. ಯೀಸ್ಟ್‌ಗೆ ಜೀವ ಇದೆ ಅಂತ 1837ರಲ್ಲೇ ಹೇಳಿದವರನ್ನ ಅವರ ಕಡೆಯವರು ಗೇಲಿ ಮಾಡಿದ್ದರು. 1860ರಲ್ಲಿ ಪಾಶ್ಚರ್ ಒಂದು ಸರಳ ಪ್ರಯೋಗ ಮಾಡಿ ತೋರಿಸಿದರು. ನೀರು, ಸಕ್ಕರೆ, ಅಮೋನಿಯಾ ಲವಣ, ಸ್ವಲ್ಪ ಖನಿಜ, ಜೊತೆಗೆ ಗುಂಡುಸೂಜಿ ತಲೆಯಷ್ಟು ಯೀಸ್ಟ್. ಕೊಳೆಯೋಕೆ ಅಲ್ಲಿ ಏನೂ ಇರಲಿಲ್ಲ. ಆದರೂ ಯೀಸ್ಟ್ ಬೆಳೆಯಿತು, ಸಕ್ಕರೆ ಹುದುಗಿತು.

ಈ ಜಗಳವನ್ನ ನಮ್ಮ ಅಡುಗೆಮನೆಯಲ್ಲೇ ನೋಡಬಹುದು. ಸೋಡಾ ಎಷ್ಟು ಹಾಕ್ತೀವೋ ಅಷ್ಟೇ ಗ್ಯಾಸ್. ಯೀಸ್ಟ್ ಹಾಗಲ್ಲ, ಅದು ಬೆಳೆಯುತ್ತೆ. ನಾದದೇ ಮಾಡೋ ಬ್ರೆಡ್ ನಿಂತಿರೋದು ಇದರ ಮೇಲೇ. 400 ಗ್ರಾಂ ಮೈದಾ, ಒಂದು ಚಮಚ ಉಪ್ಪು, ಕಾಲು ಚಮಚ ಒಣ ಯೀಸ್ಟ್, 300 ಮಿಲಿ ನೀರು. ಚಮಚದಲ್ಲಿ ಕಲಸಿ ಮುಚ್ಚಿಡಿ. ನೀರು ಜಾಸ್ತಿ, ಸಮಯ ಜಾಸ್ತಿ ಇದ್ದರೆ ಹಿಟ್ಟಿನ ಗ್ಲುಟೆನ್ ತಾನಾಗೇ ಜಾಲ ಕಟ್ಟಿಕೊಳ್ಳುತ್ತೆ, ಯೀಸ್ಟ್ ಬಿಡೋ ಗ್ಯಾಸ್ ಅದನ್ನ ಎಳೆದು ಹಿಗ್ಗಿಸುತ್ತೆ. ಸಾಮಾನ್ಯವಾಗಿ 12ರಿಂದ 18 ಗಂಟೆ ಬೇಕು. ಹಿರಿಯೂರು ತಾಲ್ಲೂಕಿನ ನಮ್ಮ ಧರ್ಮಪುರದ ಬೇಸಿಗೆಗೆ ಇನ್ನೂ ಬೇಗ ಆಗುತ್ತೆ. ಆಮೇಲೆ ಮಡಚಿ ಉಂಡೆ ಮಾಡಿ, ಮತ್ತೆ ಉಬ್ಬೋಕೆ ಬಿಟ್ಟು, ಓವನ್‌ನಲ್ಲಿ 230 ಡಿಗ್ರಿಗೆ ಕಾಯಿಸಿದ ದಪ್ಪ ಪಾತ್ರೆಗೆ ಹಾಕಿ. ಮುಚ್ಚಿ ಅರ್ಧ ಗಂಟೆ, ಮುಚ್ಚಳ ತೆಗೆದು ಕಾಲು ಗಂಟೆ.

ಅವರ ಬದುಕು ಮಾತ್ರ ಇಷ್ಟು ನೆಮ್ಮದಿಯಾಗಿ ನಡೆಯಲಿಲ್ಲ. 1859, 1865, 1866ರಲ್ಲಿ ಒಬ್ಬೊಬ್ಬರಾಗಿ ಮೂರು ಹೆಣ್ಣುಮಕ್ಕಳು ತೀರಿಹೋದರು. 1868ರಲ್ಲಿ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಆಗ ಅವರು ದಕ್ಷಿಣ ಫ್ರಾನ್ಸಿನ ರೇಷ್ಮೆ ಹುಳುಗಳನ್ನ ಕೊಲ್ಲುತ್ತಿದ್ದ ಪೆಬ್ರಿನ್ ರೋಗದ ಹಿಂದೆ ಬಿದ್ದಿದ್ದರು. ಕೆಲಸ ಬಿಡಲಿಲ್ಲ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನ ಅರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿ, ರೋಗ ಇದ್ದರೆ ಆ ಮೊಟ್ಟೆಗಳನ್ನ ಸುಟ್ಟುಬಿಡೋ ಪದ್ಧತಿ ಕೊಟ್ಟರು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತೆ.

1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೀಸ್ಟರ್‌ಗೆ ಲಸಿಕೆ ಶುರು ಮಾಡಿದರು. ಹುಡುಗ ಉಳಿದ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. 1895ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು.

ಎರಡೇ ವರ್ಷಕ್ಕೆ, 1897ರಲ್ಲಿ, ಎಡುವರ್ಡ್ ಬುಕ್ನರ್ ಯೀಸ್ಟನ್ನ ಮರಳಿನ ಜೊತೆ ಅರೆದು, ಹಿಂಡಿದ ರಸಕ್ಕೆ ಸಕ್ಕರೆ ಹಾಕಿದರು. ಜೀವಂತ ಕಣ ಒಂದೂ ಇಲ್ಲದೇ ಅದು ಹುದುಗಿತು. ಅಂದ್ರೆ ಲೀಬಿಗ್ ಹೇಳಿದ ಕೆಮಿಸ್ಟ್ರಿ ಪೂರ್ತಿ ಸುಳ್ಳಾಗಿರಲಿಲ್ಲ, ಆ ಕೆಮಿಸ್ಟ್ರಿಯನ್ನ ನಡೆಸೋ ಎಂಜೈಮ್‌ಗಳನ್ನ ತಯಾರಿಸೋದು ಮಾತ್ರ ಪಾಶ್ಚರ್ ತೋರಿಸಿದ ಜೀವಿ. ಎಂಜೈಮ್ ಅನ್ನೋ ಪದದ ಗ್ರೀಕ್ ಅರ್ಥವೇ ಯೀಸ್ಟ್‌ನ ಒಳಗೆ ಇರೋದು ಅಂತ.

ಮರುವರ್ಷ, 1898ರಲ್ಲಿ, ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ಇವತ್ತು ಊರೂರಲ್ಲಿ ಕಾಣೋ ಅಯ್ಯಂಗಾರ್ ಬೇಕರಿಗಳಿಗೆ ಮೊದಲು ಅದು. ಅಲ್ಲಿ ಪ್ರತಿ ರಾತ್ರಿ ಉಬ್ಬೋದಕ್ಕೆ ಇಟ್ಟಿದ್ದ ಹಿಟ್ಟಿನೊಳಗೂ ಅದೇ ದುಂಡನೆಯ ಕಣಗಳು ಕೆಲಸ ಮಾಡ್ತಿದ್ದವು.